ಫೋನು ತಾತನದು, ಬೆರಳು ಪಕ್ಕದ ಹುಡುಗನದು!

ಸಹಕಾರನಗರ: ಒಂದು ಕಟ್ಟು ದಂಟಿನ ಸೊಪ್ಪು ಕೊಳ್ಳಬೇಕಾದರೂ ಈಗ ಜೇಬಿನಲ್ಲಿ ಕಾಸಿದ್ದರೆ ಸಾಲದು, ಬೆರಳಿನ ತುದಿಯಲ್ಲಿ ತೇವವೂ ಇರಬೇಕು. ಇದು ತಮಾಷೆಗೆ ಹೇಳುವ ಮಾತಲ್ಲ. ಇಲ್ಲಿಯ ಅರವತ್ತಡಿ ರಸ್ತೆಯಲ್ಲಿ ಸಂಜೆ ಹೊತ್ತು ಸ್ವಲ್ಪ ನಿಂತು ನೋಡಿ, ನಿಮಗೇ ಗೊತ್ತಾಗುತ್ತದೆ. ತಳ್ಳುಗಾಡಿಯ ಮುಂದೆ ಹಿರಿಯರೊಬ್ಬರು ಫೋನು ಹಿಡಿದು ಒಂದೇ ಜಾಗವನ್ನು ಒತ್ತುತ್ತಲೇ ಇರುತ್ತಾರೆ. ಫೋನು ಜಪ್ಪಯ್ಯ ಅನ್ನುವುದಿಲ್ಲ. ಹಿಂದೆ ನಿಂತ ಹುಡುಗ "ಕೊಡಿ ಅಂಕಲ್, ನಾನ್ ಮಾಡ್ಕೊಡ್ತೀನಿ" ಅಂತ ಕೈ ಚಾಚುತ್ತಾನೆ. ಯಜಮಾನರು ಕೊಡುತ್ತಾರೆ. ಪಿನ್ ನಂಬರನ್ನೂ ಬಾಯಲ್ಲೇ ಹೇಳಿಬಿಡುತ್ತಾರೆ! ಸೊಪ್ಪಿನವಳಿಗೂ ಕೇಳಿಸುತ್ತದೆ, ಪಕ್ಕದಲ್ಲಿ ಬಾಳೆಹಣ್ಣು ಆರಿಸುತ್ತಿದ್ದವರಿಗೂ ಕೇಳಿಸುತ್ತದೆ.

ಹುಡುಗ ಸಾಮಾನ್ಯವಾಗಿ ಒಳ್ಳೆಯವನೇ ಆಗಿರುತ್ತಾನೆ. ಪ್ರಶ್ನೆ ಅದಲ್ಲ. ಸಂಬಳ ಎಷ್ಟು ಅಂತ ಕಟ್ಟಿಕೊಂಡ ಹೆಂಡತಿಗೂ ಪೂರ್ತಿ ಹೇಳದೆ ಮೂವತ್ತು ವರ್ಷ ಸಂಸಾರ ತೂಗಿಸಿದ ಮನುಷ್ಯ, ಇವತ್ತು ತನ್ನ ಖಾತೆಯ ಗುಟ್ಟನ್ನು ನಡುಬೀದಿಯಲ್ಲಿ ಹೇಳುವ ಗತಿ ಯಾಕೆ ಬಂತು?

"ವಯಸ್ಸಾದೋರಿಗೆ ಮೊಬೈಲು ಬರೋಲ್ಲ" ಅನ್ನುವುದು ಸುಲಭದ ಉತ್ತರ. ಈ ವರದಿಗಾರ ಬಡಾವಣೆಯ ಪಾರ್ಕು, ಮೊಬೈಲು ಅಂಗಡಿ, ಬ್ಯಾಂಕಿನ ಬಾಗಿಲು ಎಲ್ಲಾ ಕಡೆ ಕೂತು ಕೇಳಿದ ಮೇಲೆ ಹೇಳುವುದಾದರೆ, ಆ ಉತ್ತರ ಶುದ್ಧ ಸುಳ್ಳು.

ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆಯಲ್ಲಿ ಎಡಕ್ಕೆ ತಿರುಗಿದರೆ ಸಹಕಾರನಗರ. ಕೊಡಿಗೇಹಳ್ಳಿ, ತಿಂಡ್ಲು, ಟಾಟಾನಗರ ಮಗ್ಗುಲಲ್ಲಿವೆ. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಕೂಗಳತೆಯಲ್ಲಿದೆ. ಸೈಟಿನ ಕಂತು ಕಟ್ಟಿ, ಪಿಎಫ್ ಸಾಲ ಎತ್ತಿ ಮನೆ ಕಟ್ಟಿದ ತಲೆಮಾರು ಇಲ್ಲಿಯದು. ಈಗ ಮಕ್ಕಳು ವೈಟ್‌ಫೀಲ್ಡಿನಲ್ಲೋ ಅಮೆರಿಕದಲ್ಲೋ ಇದ್ದಾರೆ. ಮೇಲಿನ ಮನೆ ಬಾಡಿಗೆಗೆ, ಕೆಳಗಿನ ಮನೆಯಲ್ಲಿ ಇಬ್ಬರೇ. ಎಷ್ಟೋ ಮನೆಗಳಲ್ಲಿ ಒಬ್ಬರೇ. ಅವರ ಹತ್ತಿರ ಫೋನಿಲ್ಲ ಅಂತೇನೂ ಇಲ್ಲ. ಕೆಲವರ ಹತ್ತಿರ ಎರಡೆರಡಿವೆ. ಮಗ ಬಿಟ್ಟುಹೋದ ದೊಡ್ಡ ಟಚ್ ಫೋನು ಮನೆಯೊಳಗೆ, ಬಟನ್ ಒತ್ತುವ ಸಣ್ಣ ಸೆಟ್ಟು ಜೇಬಿನೊಳಗೆ. ರಾತ್ರಿ ಮೊಮ್ಮಗಳ ಮುಖ ನೋಡಲಿಕ್ಕೆ ಮೊದಲನೆಯದು, ತರಕಾರಿಗೆ ಹೋದಾಗ "ಎಲ್ಲಿದ್ದೀರಿ?" ಅಂತ ಕೇಳಿಸಿಕೊಳ್ಳಲಿಕ್ಕೆ ಎರಡನೆಯದು.

ಇದನ್ನು ಅಜ್ಞಾನ ಅಂತ ಕರೆಯುವವರು ಕರೆಯಲಿ. ನಮಗೆ ಕಂಡದ್ದು ಲೆಕ್ಕಾಚಾರ. ತಮಗೆ ಬೇಕಾದಷ್ಟನ್ನು ಮಾತ್ರ ಫೋನಿನಿಂದ ತೆಗೆದುಕೊಂಡು, ಉಳಿದದ್ದನ್ನು ಮುಟ್ಟದೆ ಬಿಡುವ ಜಾಣತನ.

ಫೋನು ಮಾಡಿದ ಕೈ

ಪಾರ್ಕಿನ ಬೆಂಚಿನಲ್ಲಿ ಸಿಕ್ಕ ಹಿರಿಯರೊಬ್ಬರು ಐಟಿಐನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಐಟಿಐ ಅಂದರೆ ದೂರವಾಣಿನಗರದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್. 1948ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ, ಮೊಬೈಲು ಬರುವ ಮುಂಚೆ ದೇಶದ ಕಚೇರಿ, ಮನೆಗಳ ಮೇಜಿನ ಮೇಲೆ ಕೂತಿದ್ದ ಕರಿಯ ಡಯಲ್ ಫೋನುಗಳನ್ನೂ ಎಕ್ಸ್‌ಚೇಂಜಿನ ಯಂತ್ರಗಳನ್ನೂ ತಯಾರು ಮಾಡಿದ ಕಾರ್ಖಾನೆ. ಫೋನಿನ ಹೊಟ್ಟೆ ಬಿಚ್ಚಿ ಜೋಡಿಸುತ್ತಿದ್ದ ಕೈಗೆ ಇವತ್ತಿನ ಫೋನು ಯಾಕೆ ಒಗ್ಗುವುದಿಲ್ಲ?

ಅವರು ಕೊಟ್ಟ ಉತ್ತರ ಯಾವ ಎಂಜಿನಿಯರೂ ಕೇಳಿಸಿಕೊಳ್ಳುವಂಥದ್ದು. "ಆ ಡಯಲ್ಲಲ್ಲಿ ಐದು ತಿರುಗಿಸಿದ್ರೆ, ವಾಪಸ್ ಬರೋವಾಗ ಐದು ಸಲ ಕಟ್ ಕಟ್ ಅನ್ನೋದು ಕಣಪ್ಪ. ನಾನು ತಿರುಗಿಸಿದ್ದು ಐದೋ ಆರೋ ಅಂತ ಬೆರಳಿಗೂ ಗೊತ್ತಾಗೋದು, ಕಿವಿಗೂ ಗೊತ್ತಾಗೋದು. ಯಂತ್ರ ನಮಗೆ ಉತ್ತರ ಕೊಡೋದು. ಇದ್ರಲ್ಲಿ ಏನಿದೆ? ಬರೀ ಗಾಜು. ಒತ್ತಿದ್ನೋ ಇಲ್ವೋ ಅಂತ ನನಗೆ ಹೇಳೋರು ಯಾರು?"

ಅವರು ಹೇಳಿದ್ದು ಅಕ್ಷರಶಃ ನಿಜ. ಹಳೆಯ ಡಯಲ್ಲು ಎಷ್ಟನೆಯ ಅಂಕಿಯೋ ಅಷ್ಟು ಸಲ ವಿದ್ಯುತ್ತನ್ನು ಕಡಿದು ಜೋಡಿಸುತ್ತಿತ್ತು, ಎಕ್ಸ್‌ಚೇಂಜು ಅದನ್ನೇ ಎಣಿಸಿಕೊಳ್ಳುತ್ತಿತ್ತು. ಈಗಿನ ಗಾಜು ಬೆರಳಿಗೆ ತಾನಾಗಿ ಏನನ್ನೂ ಹೇಳುವುದಿಲ್ಲ. ಒತ್ತಿದಾಗ ಸದ್ದಾಗುವಂತೆ, ಚೂರು ನಡುಗುವಂತೆ ಮಾಡುವ ಅನುಕೂಲ ಫೋನುಗಳಲ್ಲಿ ಇದೆ. ಆದರೆ ಮನೆಯ ಹುಡುಗರಿಗೆ ಆ ಸದ್ದು ಕಿರಿಕಿರಿ. ಫೋನು ತಂದ ದಿನವೇ "ಇದೇನು ಟಕ್ ಟಕ್" ಅಂತ ಆರಿಸಿಬಿಟ್ಟಿರುತ್ತಾರೆ!

ಗಾಜು ಬೇಡುವ ತೇವ

ಬೆರಳಿನ ವಿಚಾರ ಪೂರ್ತಿ ಹೇಳಿಬಿಡುತ್ತೇವೆ, ಯಾಕಂದರೆ ಬಡಾವಣೆಯ ಅರ್ಧ ಜಗಳ ಇಲ್ಲೇ ಇದೆ. ಟಚ್ ಫೋನಿನ ಗಾಜಿನಡಿ ಕಣ್ಣಿಗೆ ಕಾಣದ ತೆಳುವಾದ ವಿದ್ಯುತ್ ಜಾಲ ಹರಡಿರುತ್ತದೆ. ನಮ್ಮ ಬೆರಳಿನಲ್ಲಿ ತೇವ, ಉಪ್ಪಿನಂಶ ಇರುವುದರಿಂದ ಅದು ಗಾಜಿಗೆ ತಾಗಿದಾಗ ಆ ಜಾಲದ ವಿದ್ಯುತ್ತು ಚೂರು ಏರುಪೇರಾಗುತ್ತದೆ. ಎಲ್ಲಿ ಏರುಪೇರಾಯಿತೋ ಅಲ್ಲಿ ಬೆರಳಿದೆ ಅಂತ ಫೋನಿಗೆ ಅರ್ಥ. ವಯಸ್ಸಾದಂತೆ ಚರ್ಮದ ಎಣ್ಣೆ, ತೇವ ಎರಡೂ ಕಡಿಮೆಯಾಗುತ್ತವೆ. ವರ್ಷಗಟ್ಟಲೆ ಪಾತ್ರೆ ಉಜ್ಜಿದ, ಸ್ಪ್ಯಾನರ್ ಹಿಡಿದ ಕೈಯ ಚರ್ಮ ಜಡ್ಡುಗಟ್ಟಿರುತ್ತದೆ. ಬೆರಳು ಇಟ್ಟರೂ ಫೋನಿನ ಪಾಲಿಗೆ ಅದು ಇಟ್ಟ ಹಾಗಲ್ಲ. ಅದರ ಮೇಲೊಂದು ದಪ್ಪ ಸ್ಕ್ರೀನ್ ಗಾರ್ಡ್ ಬೇರೆ ಅಂಟಿಸಿದ್ದರೆ ಮುಗಿದೇಹೋಯಿತು. ಹಿರಿಯರು ಆಗ ಇನ್ನೂ ಜೋರಾಗಿ ಒತ್ತುತ್ತಾರೆ. ಬಾಗಿಲು ತೆಗೆಯದಿದ್ದರೆ ಜೋರಾಗಿ ಬಡಿಯುವುದು ಮನುಷ್ಯ ಸ್ವಭಾವ ತಾನೇ? ಈ ಬಾಗಿಲಿಗೆ ಬಲ ಬೇಡ, ಒದ್ದೆ ಬೇಕು. ಒದ್ದೆ ಬಟ್ಟೆಗೆ ಬೆರಳು ತಾಗಿಸಿ, ನೀರು ತೊಟ್ಟಿಕ್ಕದಂತೆ ಒರೆಸಿ ಮುಟ್ಟಿದರೆ ಎಷ್ಟೋ ಸಲ ಕೆಲಸ ಆಗುತ್ತದೆ. ಬಸ್ ಕಂಡಕ್ಟರು ಟಿಕೆಟ್ ಹರಿಯಲಿಕ್ಕೆ, ಬ್ಯಾಂಕಿನವರು ನೋಟು ಎಣಿಸಲಿಕ್ಕೆ ಸ್ಪಂಜು ಇಟ್ಟುಕೊಂಡಿರಲಿಲ್ಲವೇ, ಹಾಗೆ.

ಇನ್ನೊಂದು ದೂರು: "ನಮ್ಮ ಮನೆಯೋರ ಫೋನಲ್ಲಿ ವಾಟ್ಸಾಪೇ ಮಾಯವಾಗೋಗುತ್ತೆ." ಮೊಬೈಲು ರಿಪೇರಿ ಅಂಗಡಿಯ ಹುಡುಗ ಇದನ್ನು ಕೇಳಿ ಕೇಳಿ ಸುಸ್ತಾಗಿದ್ದಾನೆ. ಮಾಯವಾಗುವುದಕ್ಕೆ ಕಾರಣ ಸರಳ. ಮುಟ್ಟಿ ಬಿಟ್ಟರೆ ಒಂದು ಅರ್ಥ, ಮುಟ್ಟಿ ಹಿಡಿದರೆ ಇನ್ನೊಂದು ಅರ್ಥ ಅಂತ ಫೋನು ಮಾಡಿದವರು ನಿಯಮ ಮಾಡಿಟ್ಟಿದ್ದಾರೆ. ಈ ಎರಡರ ನಡುವಿನ ಗಡಿ ಸುಮಾರು ಅರ್ಧ ಸೆಕೆಂಡು. ಎಪ್ಪತ್ತರ ಬೆರಳು ಇಡುವುದೂ ನಿಧಾನ, ಎತ್ತುವುದೂ ನಿಧಾನ. ತಾತ 'ಮುಟ್ಟಿದೆ' ಅಂದುಕೊಂಡಿದ್ದನ್ನು ಫೋನು 'ಹಿಡಿದ' ಅಂದುಕೊಳ್ಳುತ್ತದೆ. ಚಿತ್ರ ಕಿತ್ತುಬರುತ್ತದೆ, ಕೈ ನಡುಗಿದರೆ ಎಲ್ಲೋ ಹೋಗಿ ಬೀಳುತ್ತದೆ. ತಪ್ಪು ಯಾರದ್ದು? ಅರ್ಧ ಸೆಕೆಂಡಿನ ಈ ಗಡಿಯನ್ನು ಹಿಗ್ಗಿಸುವ ವ್ಯವಸ್ಥೆ ಬಹಳ ಫೋನುಗಳಲ್ಲಿ ಇದೆ. ಕೆಲವದರಲ್ಲಿ ನಡುಗುವ ಕೈ ಎರಡೆರಡು ಸಲ ತಾಗಿಸಿದರೆ ಎರಡನೆಯದನ್ನು ಲೆಕ್ಕಕ್ಕೆ ಹಿಡಿಯದಿರುವ ಏರ್ಪಾಡೂ ಇದೆ. ಆದರೆ ಅದನ್ನು ಬಚ್ಚಿಟ್ಟಿರುವ ಜಾಗ ನೋಡಿ! ಇಂಗ್ಲಿಷಿನಲ್ಲಿ 'ಆಕ್ಸೆಸಿಬಿಲಿಟಿ'. ಫೋನನ್ನು ಕನ್ನಡಕ್ಕೆ ತಿರುಗಿಸಿದರೆ ಅದು 'ಪ್ರವೇಶಿಸುವಿಕೆ'! ದೇವಸ್ಥಾನದ ಬಾಗಿಲಿನ ಬೋರ್ಡಿನ ಹಾಗಿರುವ ಈ ಮಾತಿನ ಹಿಂದೆ ತಮ್ಮ ನಡುಗುವ ಕೈಗೆ ಮದ್ದಿದೆ ಅಂತ ಯಾವ ಅಜ್ಜಿಗೆ ಹೊಳೆಯಬೇಕು?

ಕಣ್ಣಿನ ಕಥೆ ಎಲ್ಲರಿಗೂ ಗೊತ್ತು, ಚಿಕ್ಕದಾಗಿ ಹೇಳುತ್ತೇವೆ. ಅರವತ್ತು ದಾಟಿದವರ ಕಣ್ಣಿನೊಳಗೆ ಹೋಗುವ ಬೆಳಕು ಇಪ್ಪತ್ತರ ಹುಡುಗನಿಗೆ ಹೋಲಿಸಿದರೆ ಸುಮಾರು ಮೂರನೇ ಒಂದು ಭಾಗ. ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗಟ್ಟುತ್ತದೆ. ಬಿಳಿಯ ಮೇಲೆ ಬೂದು ಬಣ್ಣದ ಸಣ್ಣ ಅಕ್ಷರ ಹಾಕುವುದು ಈಗಿನ ಫ್ಯಾಷನ್ನು. ಅಕ್ಷರ ದಪ್ಪ ಮಾಡಿದರೆ ಕೆಲವು ಆ್ಯಪುಗಳಲ್ಲಿ 'ಮುಂದೆ' ಅನ್ನುವ ಗುಂಡಿಯೇ ಪರದೆಯಿಂದ ಆಚೆ ಹೋಗಿ ಕೂರುತ್ತದೆ. ಕಿವಿಯದ್ದೂ ಹೀಗೇ. ವಯಸ್ಸಾದಾಗ ಮೊದಲು ಕ್ಷೀಣಿಸುವುದು ಸಣ್ಣ ದನಿಯ, ಚುರುಕು ಸದ್ದುಗಳು. ಸ, ಶ, ಫ ಇಂಥ ಅಕ್ಷರಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಬ್ಯಾಂಕಿಗೆ ಫೋನು ಮಾಡಿದರೆ ಉತ್ತರ ಕೊಡುವ ಯಂತ್ರದ ಹುಡುಗಿಯ ದನಿ ಸರಿಯಾಗಿ ಅಂಥದ್ದೇ. "ಒಂದನ್ನು ಒತ್ತಿ, ಎರಡನ್ನು ಒತ್ತಿ" ಅಂತ ಆಕೆ ಹೇಳುವಾಗ ಕಿವಿಯಲ್ಲಿರುವ ಫೋನನ್ನು ಕಣ್ಣ ಮುಂದೆ ತರಬೇಕು. ತಂದರೆ ಮಾತು ಕೇಳಿಸುವುದಿಲ್ಲ.

ಓಟಿಪಿ ಅನ್ನುವ ಆರಂಕಿಯ ಭೂತವೂ ಇದೆ. ಒಂದು ಪರದೆಯಲ್ಲಿ ಅಂಕಿ ಬರುತ್ತದೆ, ಇನ್ನೊಂದು ಪರದೆಯಲ್ಲಿ ಅದನ್ನು ತುಂಬಬೇಕು. ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ನಾಲ್ಕು ಅಂಕಿ ನೆನಪಿರುತ್ತದೆ, ಎರಡು ಜಾರಿರುತ್ತದೆ. ಇದಕ್ಕೆ ಅರಳುಮರಳು ಅನ್ನುವ ಹಾಗಿಲ್ಲ. ಎಷ್ಟೋ ವರ್ಷದ ಹಿಂದೆ ಕಲಿತ ಮಗ್ಗಿ ಅದೇ ತಲೆಯಲ್ಲಿ ಗಟ್ಟಿಯಾಗಿದೆ, ಊರಿನ ಪಹಣಿ ನಂಬರೂ ಇದೆ. ಹೊಸ ಅಂಕಿಯನ್ನು ಅರೆಗಳಿಗೆ ಹಿಡಿದಿಟ್ಟುಕೊಂಡು ಇನ್ನೊಂದು ಕೆಲಸ ಮಾಡುವ ಶಕ್ತಿ ಮಾತ್ರ ವಯಸ್ಸಿನೊಂದಿಗೆ ಕುಂದುತ್ತದೆ. ಪಕ್ಕದಲ್ಲಿ ಪೆನ್ನು, ಚೀಟಿ ಇಟ್ಟುಕೊಂಡು ಬರೆದುಕೊಳ್ಳುವ ಅಜ್ಜಿಯನ್ನು ನೋಡಿ ಮೊಮ್ಮಕ್ಕಳು ನಗುತ್ತಾರೆ. ನಗಬೇಡ್ರಪ್ಪಾ, ಆಕೆ ಮಾಡುತ್ತಿರುವುದೇ ಸರಿ. ಓಟಿಪಿ ಚೀಟಿಯನ್ನು ಆಮೇಲೆ ಹರಿದು ಬಿಸಾಕಬಹುದು. ಪಿನ್ ಬರೆದು ಫೋನಿನ ಕವರಿನ ಹಿಂದೆ ಸಿಕ್ಕಿಸುವುದು ಮಾತ್ರ ಅಪಾಯ. ಈ ಬಡಾವಣೆಯಲ್ಲಿ ಅಂಥ ಕವರು ನಾವೇ ಕಂಡದ್ದು ಒಂದೆರಡಲ್ಲ.

ಟ್ರಂಕ್ ಕಾಲಿನ ಕಾಲದವರು

ಇಷ್ಟು ದೇಹದ ಮಾತಾಯಿತು. ಮನಸ್ಸಿನದ್ದು ಬೇರೆಯೇ ಇದೆ.

ಈಗ ಎಪ್ಪತ್ತು, ಎಂಬತ್ತರಲ್ಲಿರುವವರು ಫೋನು ಕಂಡದ್ದು ಹೇಗೆ? ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿತ್ತು. ಬೀದಿಗೊಂದು ಮನೆಯಲ್ಲಿ ಫೋನು, ಆ ನಂಬರು ಬೀದಿಯವರಿಗೆಲ್ಲ 'ಪಿಪಿ' ನಂಬರು. ರಾತ್ರಿ ಹೊತ್ತು ಟ್ರಂಕ್ ಕಾಲ್ ಬಂತು ಅಂದರೆ ಯಾರೋ ಹೋದರು ಅಂತಲೇ ಲೆಕ್ಕ. ಎಂಬತ್ತರ ದಶಕದ ಕೊನೆಗೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತು ಬಂದಾಗಲೂ ಕಣ್ಣೆಲ್ಲ ಮೀಟರಿನ ಕೆಂಪು ಅಂಕಿಯ ಮೇಲೆ. ಅಂದರೆ, ಈ ತಲೆಮಾರಿಗೆ ಫೋನು ಬಡಿದುಕೊಂಡಿತು ಎಂದರೆ ಎತ್ತಲೇಬೇಕು. ಆ ತುದಿಯಲ್ಲಿರುವವರು ಸುಮ್ಮನೆ ಮಾಡಿರುವುದಿಲ್ಲ. ಮೊಮ್ಮಗ ಗೊತ್ತಿಲ್ಲದ ನಂಬರನ್ನು ನೋಡಿ ಹಾಗೇ ಕಟ್ ಮಾಡುತ್ತಾನೆ. ತಾತನಿಗೆ ಅದು ಬಾಗಿಲಿಗೆ ಬಂದವರ ಮುಖಕ್ಕೆ ಕದ ಹಾಕಿದ ಹಾಗೆ.

ಕಳ್ಳರಿಗೆ ಬೇಕಾದದ್ದು ಈ ಸಂಕೋಚವೇ. "ನಿಮ್ಮ ಆಧಾರ್ ನಂಬರಿನಲ್ಲಿ ಪಾರ್ಸಲ್ ಬಂದಿದೆ, ಅದರಲ್ಲಿ ಮಾದಕ ವಸ್ತು ಇದೆ, ನಾವು ಸಿಬಿಐ" ಅಂತ ವಿಡಿಯೋದಲ್ಲಿ ಖಾಕಿ ತೊಟ್ಟವನು ಕಾಣಿಸಿಕೊಂಡರೆ, ಸರ್ಕಾರಿ ಸಮನ್ಸ್ ಅಂದರೆ ಎದ್ದು ನಿಲ್ಲುವ ತಲೆಮಾರು ಕೂತಲ್ಲೇ ಬೆವರುತ್ತದೆ. 'ಡಿಜಿಟಲ್ ಅರೆಸ್ಟ್' ಅನ್ನುವ ಪದಾರ್ಥ ಈ ದೇಶದ ಯಾವ ಕಾನೂನಿನಲ್ಲೂ ಇಲ್ಲ. 2024ರ ಅಕ್ಟೋಬರ್ 27ರ 'ಮನ್ ಕಿ ಬಾತ್'ನಲ್ಲಿ ಪ್ರಧಾನಿಯೇ ಇದನ್ನು ಹೇಳಿದರು. 2025ರ ಅಕ್ಟೋಬರಿನಲ್ಲಿ ಹರಿಯಾಣದ ಅಂಬಾಲಾದ ವೃದ್ಧ ದಂಪತಿಯ ದೂರಿನ ಮೇಲೆ ಸುಪ್ರೀಂ ಕೋರ್ಟು ತಾನಾಗಿ ಪ್ರಕರಣ ಕೈಗೆತ್ತಿಕೊಂಡಿತು, ಡಿಸೆಂಬರಿನಲ್ಲಿ ತನಿಖೆಯನ್ನು ನಿಜವಾದ ಸಿಬಿಐಗೇ ಒಪ್ಪಿಸಿತು.

ಹಾಗಂತ ಮುದುಕರು ಮಾತ್ರ ಮೋಸಹೋಗುತ್ತಾರೆ ಅಂತ ಬೀಗಬೇಕಾಗಿಲ್ಲ. 2024ರ ಕೊನೆಯಲ್ಲಿ ಇದೇ ಡಿಜಿಟಲ್ ಅರೆಸ್ಟಿಗೆ ಸಿಕ್ಕಿ 11 ಕೋಟಿಗೂ ಹೆಚ್ಚು ಕಳೆದುಕೊಂಡವರು ನಮ್ಮ ನೆರೆಯ ಹೆಬ್ಬಾಳದ ಸಾಫ್ಟ್‌ವೇರ್ ಎಂಜಿನಿಯರು. ಅವರಿಗಿನ್ನೂ ನಲವತ್ತೂ ತುಂಬಿರಲಿಲ್ಲ! ವ್ಯತ್ಯಾಸ ಇರುವುದು ಕಳೆದುಕೊಂಡ ಮೇಲೆ. ನಲವತ್ತರವನು ಮತ್ತೆ ದುಡಿಯುತ್ತಾನೆ. ಗ್ರಾಚ್ಯುಟಿ ಕಳೆದುಕೊಂಡ ಎಪ್ಪತ್ತರವರು ಎಲ್ಲಿಂದ ತರಬೇಕು? ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿದೆ. "ಮಗನಿಗೆ ಹೇಳಿದ್ರೆ ಫೋನೇ ಕಿತ್ಕೋತಾನೆ" ಅಂದರು ಒಬ್ಬ ನಿವೃತ್ತ ಗುಮಾಸ್ತೆ. ಆ ಹೆದರಿಕೆಯಲ್ಲಿ ಎರಡು ದಿನ ಬಾಯಿ ಬಿಡದಿದ್ದರೆ ಹಣ ಹತ್ತು ಖಾತೆ ದಾಟಿರುತ್ತದೆ. ಹಣ ಹೋದ ತಕ್ಷಣ, ಅಂದರೆ ಆ ಗಂಟೆಯಲ್ಲೇ, 1930ಕ್ಕೆ ಫೋನು ಮಾಡಿದರೆ ಮುಂದಿನ ಖಾತೆಯಲ್ಲಿ ಹಣವನ್ನು ತಡೆಹಿಡಿಯುವ ಅವಕಾಶ ಇರುತ್ತದೆ. ಮಕ್ಕಳಾದವರು ಅಪ್ಪನಿಗೆ ಬೈಯುವುದನ್ನು ಸಂಜೆಗೆ ಇಟ್ಟುಕೊಳ್ಳಲಿ.

ಸತ್ತವರ ಸಿಮ್ಮಿಗೆ ರೀಚಾರ್ಜು

ಈಗ ಹೇಳುವುದು ನಗುವ ವಿಷಯವಲ್ಲ. ರೀಚಾರ್ಜ್ ಅಂಗಡಿಯಲ್ಲಿ ಸಿಕ್ಕ ತಾಯಿಯೊಬ್ಬರು ಎರಡು ನಂಬರಿಗೆ ದುಡ್ಡು ಕಟ್ಟಿಸಿದರು. ಒಂದು ಅವರದು, ಇನ್ನೊಂದು ಯಜಮಾನರದು. ಯಜಮಾನರು ತೀರಿಕೊಂಡು ಎರಡು ವರ್ಷದ ಮೇಲಾಗಿದೆ.

"ಗ್ಯಾಸಿಗೂ ಅದೇ ನಂಬರು, ಬ್ಯಾಂಕಿಗೂ ಅದೇ, ಮನೆ ಕಂದಾಯಕ್ಕೂ ಅದೇ. ಅದು ನಿಂತೋದ್ರೆ ನಾನು ಯಾರ್ ಹತ್ರ ಹೋಗ್ಲಿ? ಎಲ್ಲಾ ಅವರೇ ನೋಡ್ಕೋತಿದ್ರು" ಅಂದರು ಆಕೆ.

ಒಂದು ಮನೆಯ ಕಥೆ ಇದು ಅಂತ ತಿಳಿಯಬೇಡಿ. ಗಂಡಸರೇ ವ್ಯವಹಾರ ನೋಡಿಕೊಂಡ ಮನೆಗಳಲ್ಲಿ ಎಲ್ಲ ಲೆಕ್ಕವೂ ಅವರ ಒಂದು ನಂಬರಿಗೇ ಗಂಟು ಬಿದ್ದಿದೆ. ಸಿಲಿಂಡರು ಇಳಿಸಿಕೊಳ್ಳಬೇಕಾದರೆ ಅದಕ್ಕೆ ಬರುವ ಕೋಡು ಹೇಳಬೇಕು. ಬ್ಯಾಂಕಿನ ಸಂದೇಶ ಅಲ್ಲಿಗೇ ಬರಬೇಕು. ಪ್ರೀಪೇಯ್ಡ್ ಸಿಮ್ಮು 90 ದಿನ ಬಳಕೆಯಿಲ್ಲದೆ, ಅದರಲ್ಲಿ ದುಡ್ಡೂ ಇಲ್ಲದೆ ಬಿದ್ದಿದ್ದರೆ ಕಂಪನಿಯವರು ರದ್ದು ಮಾಡಬಹುದು, ಕಾಲಕ್ರಮದಲ್ಲಿ ಆ ನಂಬರು ಇನ್ನೊಬ್ಬರಿಗೂ ಹೋಗಬಹುದು. ಈ ಭಯಕ್ಕೆ ತಿಂಗಳು ತಿಂಗಳು ದಿನಕ್ಕಿಷ್ಟು ಇಂಟರ್ನೆಟ್ ಇರುವ ಪ್ಯಾಕು ಹಾಕಿಸುತ್ತಾ ಇರುತ್ತಾರೆ. ಕಪಾಟಿನಲ್ಲಿರುವ ಫೋನಿಗೆ ಇಂಟರ್ನೆಟ್ಟು!

ಇಂಥವರಿಗಾಗಿಯೇ ಟ್ರಾಯ್ 2024ರ ಡಿಸೆಂಬರಿನಲ್ಲಿ ಒಂದು ನಿಯಮ ಮಾಡಿತು. ಇಂಟರ್ನೆಟ್ ಬೇಡದವರಿಗೆ ಮಾತು ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕನ್ನೂ ಕೊಡಬೇಕು ಅಂತ. 2025ರ ಜನವರಿಯಿಂದ ಕಂಪನಿಗಳು ಕೊಡಲು ಶುರುಮಾಡಿದವು. ಆದರೆ ಅಂಗಡಿಯವನಾಗಿ ತೋರಿಸುವುದಿಲ್ಲ, ಕೇಳಿದರೆ ಮಾತ್ರ ಸಿಗುತ್ತದೆ. ಆ ತಾಯಿಗೆ ಹೇಳಿದೆವು. ಆಕೆ ನಮಗೆ ಕೊಟ್ಟ ಉತ್ತರ: "ನೋಡೋಣ ಬಿಡಪ್ಪ. ಯಾವತ್ತಾದ್ರೂ ಆ ಫೋನು ಒಂದ್ ಸಲ ಸದ್ದು ಮಾಡ್ತದೆ, ಮನೇಲಿ ಯಾರೋ ಇದ್ದಂಗಿರ್ತದೆ."

ನಾವು ಮತ್ತೆ ಮಾತಾಡಲಿಲ್ಲ.

ಕೌಂಟರು ಮುಚ್ಚಿದವರು ಯಾರು?

ಹಿರಿಯರು ಫೋನನ್ನು ತಮಗೆ ಬೇಕಾದಷ್ಟು ಮಾತ್ರ ಬಳಸುತ್ತಾರೆ ಎಂದೆವು. ಅದಕ್ಕೆ ಬಿಟ್ಟಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ತೊಂದರೆ ಆದದ್ದು ಒಂದೊಂದೇ ಕಚೇರಿ ತನ್ನ ಕಿಟಕಿ ಮುಚ್ಚಿ "ಆನ್‌ಲೈನಲ್ಲಿ ಹಾಕಿ" ಅಂದಾಗ.

ಇ-ಖಾತಾ ಉದಾಹರಣೆ ತೆಗೆದುಕೊಳ್ಳಿ. 2024ರ ಅಕ್ಟೋಬರಿನಿಂದ ಬೆಂಗಳೂರಿನಲ್ಲಿ ಆಸ್ತಿ ನೋಂದಣಿಗೆ ಇ-ಖಾತಾ ಬೇಕೇ ಬೇಕು. ಮಗಳಿಗೆ ಮನೆ ಬರೆದುಕೊಡಬೇಕು ಅನ್ನುವ ವಯಸ್ಸಿನವರೇ ಸಹಕಾರನಗರದಲ್ಲಿ ಬಹಳ. ಆಧಾರ್ ದೃಢೀಕರಣ ಮಾಡಿ, ಕ್ರಯಪತ್ರದ ವಿವರ ಕೊಡಿ, ಋಣಭಾರ ಪತ್ರ ಹಾಕಿ, ಬೆಸ್ಕಾಂ ನಂಬರು ತುಂಬಿ, ಮನೆಯ ಫೋಟೊ ತೆಗೆದು ಏರಿಸಿ... ಅಷ್ಟು ಹೊತ್ತಿಗೆ ಪುಟ ತಾನೇ ಮುಚ್ಚಿಕೊಂಡು ಮೊದಲಿನಿಂದ ಬಾ ಅನ್ನುತ್ತದೆ. ಓಟಿಪಿ ಹೋಗುವುದು ಎಂದೋ ಆಧಾರಿಗೆ ಕೊಟ್ಟ, ಈಗ ಇಲ್ಲದ ನಂಬರಿಗೆ. ಮಧ್ಯೆ 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದವು, ನಾವು ಬೆಂಗಳೂರು ಉತ್ತರ ನಗರ ಪಾಲಿಕೆಯ ಪ್ರಜೆಗಳಾದೆವು. ಪಾಲಿಕೆ ಐದಾದರೂ ಹಿರಿಯರಿಗೆ ಕಿಟಕಿ ಒಂದೂ ಹೆಚ್ಚಾಗಿಲ್ಲ ಅಂತ ಪಾರ್ಕಿನಲ್ಲಿ ನಗೆಚಾಟಿಕೆ. ಬೆಂಗಳೂರು ಒನ್ ಕೇಂದ್ರದಲ್ಲಿ ಅರ್ಜಿ ಹಾಕಿಸಬಹುದು, ನಿಜ. ಅದನ್ನು ಬಿಟ್ಟು ಏಜೆಂಟನ ಕೈಗೆ ಫೋನನ್ನೂ ಆಧಾರನ್ನೂ ಕೊಟ್ಟು ಕೂರುವವರೇ ಜಾಸ್ತಿ. ಆ ಫೋನು ಅವನ ಕೈಯಲ್ಲಿದ್ದ ಅರ್ಧ ಗಂಟೆಯಲ್ಲಿ ಏನೇನು ಆಯಿತು ಅಂತ ಕೇಳುವವರು ಯಾರು?

ನವೆಂಬರ್ ತಿಂಗಳ ಜೀವನ ಪ್ರಮಾಣವೂ ಒಂದು ಪರೀಕ್ಷೆಯೇ. 2014ರಲ್ಲಿ ಬಂದ ಈ ವ್ಯವಸ್ಥೆಯಲ್ಲಿ ಮೊದಲು ಬೆರಳಚ್ಚು ಬೇಕಿತ್ತು. ಸವೆದ ಬೆರಳಿನ ಗೆರೆ ಯಂತ್ರಕ್ಕೆ ಸಿಗುತ್ತಿರಲಿಲ್ಲ. ಎದುರಿಗೇ ಕೂತಿರುವ ಮನುಷ್ಯ ಬದುಕಿಲ್ಲ ಅನ್ನುತ್ತಿತ್ತು ಯಂತ್ರ! 2021ರ ನವೆಂಬರಿನಿಂದ ಮುಖ ತೋರಿಸಿ ಮಾಡಿಸುವ ಕ್ರಮ ಬಂದಿದೆ, ಮಗನ ಫೋನಿನಲ್ಲೂ ಆಗುತ್ತದೆ. ಪೋಸ್ಟ್‌ಮ್ಯಾನ್ ಮನೆಗೇ ಬಂದು 70 ರೂಪಾಯಿಗೆ ಮಾಡಿಕೊಡುವ ಸೌಲಭ್ಯವೂ ಇದೆ. ಕಾಗದದ ನಮೂನೆ ತುಂಬಿ ಬ್ಯಾಂಕಿಗೆ ಕೊಡುವುದೂ ರದ್ದಾಗಿಲ್ಲ. "ಆನ್‌ಲೈನ್ ಮಾತ್ರ" ಅಂತ ಯಾರಾದರೂ ವಾಪಸು ಕಳಿಸಿದರೆ ಅದು ಅವರ ಸೋಮಾರಿತನ.

ಈ ನಡುವೆ ಒಂದು ವಾರ ಮಾತ್ರ ಕಾಲ ಹಿಂದಕ್ಕೆ ತಿರುಗಿತ್ತು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದಾಗ, ಬೆಂಗಳೂರಿನ ಎಷ್ಟೋ ಅಂಗಡಿ, ಗಾಡಿಗಳವರು ಸ್ಕ್ಯಾನರ್ ಕಿತ್ತು "ಕ್ಯಾಶ್ ಮಾತ್ರ" ಅಂತ ಬರೆದು ಹಾಕಿದರು. ಹುಡುಗರು ಎಟಿಎಂ ಹುಡುಕಿಕೊಂಡು ಅಲೆದರು. ಐವತ್ತು, ನೂರರ ನೋಟು ಮಡಿಸಿ ಸೊಂಟದಲ್ಲಿಟ್ಟುಕೊಂಡಿದ್ದ ಅಜ್ಜಿಯರು ಅವತ್ತು ರಾಣಿಯರು!

ಕೊಡದೆ ಕೊಡುವ ದಾರಿ

ಪಿನ್ ಹೇಳದೆ ಇನ್ನೊಬ್ಬರ ನೆರವು ಪಡೆಯುವ ದಾರಿ ಇಲ್ಲವೇ? ಇದೆ. 2024ರ ಆಗಸ್ಟಿನಲ್ಲಿ 'ಯುಪಿಐ ಸರ್ಕಲ್' ಅಂತ ಒಂದು ಏರ್ಪಾಡು ಬಂತು. ಖಾತೆ ಒಬ್ಬರದು, ಖರ್ಚು ಮಾಡುವವರು ಇನ್ನೊಬ್ಬರು, ಪಿನ್ ಗುಟ್ಟಾಗಿಯೇ ಇರುತ್ತದೆ. ಪೂರ್ತಿ ಅನುಮತಿ ಕೊಟ್ಟರೆ ಒಂದು ಸಲಕ್ಕೆ 5 ಸಾವಿರ, ತಿಂಗಳಿಗೆ 15 ಸಾವಿರ ರೂಪಾಯಿ ಮಿತಿ. ಅರ್ಧ ಅನುಮತಿ ಕೊಟ್ಟರೆ ಪ್ರತಿ ಸಲವೂ ಯಜಮಾನರೇ ತಮ್ಮ ಫೋನಿನಲ್ಲಿ ಹೂಂ ಅನ್ನಬೇಕು. ಸೊಸೆಗೋ ಮೊಮ್ಮಗನಿಗೋ ಹೀಗೆ ಕೊಡಬಹುದು. ತಲೆಕೆಳಗಾಗಿಯೂ ಆಗುತ್ತದೆ: ಮಗನ ಖಾತೆಯಿಂದ ಅಮ್ಮ ಔಷಧಿ ಕೊಳ್ಳಬಹುದು. ಇದನ್ನು ಬಲ್ಲವರನ್ನು ನಾವು ಬಡಾವಣೆಯಲ್ಲಿ ಹುಡುಕಿದರೂ ಸಿಗಲಿಲ್ಲ. ಕ್ಯಾಶ್‌ಬ್ಯಾಕ್ ಬಗ್ಗೆ ದಿನಕ್ಕೆ ಹತ್ತು ಸಂದೇಶ ಕಳಿಸುವವರು ಇದರ ಬಗ್ಗೆ ಒಂದನ್ನೂ ಕಳಿಸಿಲ್ಲ!

ಹಿರಿಯರು ತಾವೇ ಕಂಡುಕೊಂಡ ಉಪಾಯ ಇನ್ನೂ ಸೊಗಸು. ಕೃಷಿ ವಿಶ್ವವಿದ್ಯಾಲಯದ ನಿವೃತ್ತ ನೌಕರರೊಬ್ಬರು ಪಿಂಚಣಿ ಬರುವ ಖಾತೆಯನ್ನು ಫೋನಿಗೆ ಜೋಡಿಸಿಯೇ ಇಲ್ಲ. ಇನ್ನೊಂದು ಸಣ್ಣ ಖಾತೆ ತೆಗೆದು ಅದರಲ್ಲಿ ಎರಡು ಸಾವಿರ ಹಾಕಿ ಫೋನಿಗೆ ಅದನ್ನು ಕಟ್ಟಿದ್ದಾರೆ. "ಕಳ್ಳ ಬಂದ್ರೆ ಜೇಬು ಹರೀಲಿ, ಬೀರು ಯಾಕೆ ತೋರಿಸ್ಬೇಕು?" ಅನ್ನುವುದು ಅವರ ವಾದ. ಹಣ ಬರಬೇಕಾದರೆ ಪಿನ್ ಒತ್ತುವ ಅಗತ್ಯವೇ ಇಲ್ಲ, ಹಣ ಹೋಗಬೇಕಾದರೆ ಮಾತ್ರ ಪಿನ್ ಬೇಕು ಅನ್ನುವುದನ್ನು ಅವರು ತಮ್ಮ ವಾಕಿಂಗ್ ಗೆಳೆಯರಿಗೆಲ್ಲ ಬಾಯಿಪಾಠ ಮಾಡಿಸಿದ್ದಾರೆ. ಇನ್ನು ಕನ್ನಡದಲ್ಲಿ ಬರೆಯುವ ವಿಚಾರ. ಕೀಲಿಮಣೆಯಲ್ಲಿ ಒತ್ತಕ್ಷರ ಹುಡುಕಿ ಸೋತವರು ಈಗ ಮೈಕಿನ ಗುರುತು ಒತ್ತಿ ಮಾತಾಡಿಬಿಡುತ್ತಾರೆ, ಫೋನು ಬರೆದುಕೊಳ್ಳುತ್ತದೆ. ಊರ ಕಡೆಯ ಮಾತಿಗೆ ಅದು ಬರೆಯುವ ತಮಾಷೆ ಓದಿ ಎಲ್ಲರೂ ನಗುವುದೂ ಉಂಟು.

ಕಾಗದವೇ ಬೇಕು ಅನ್ನುವವರಿಗೂ ಬಲ ಇಲ್ಲದಿಲ್ಲ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು ಡಿಜಿಟಲ್ ಸೌಲಭ್ಯ ಎಲ್ಲರ ಕೈಗೆ ಎಟುಕುವುದೂ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ತೀರ್ಪಿತ್ತಿದೆ. ಕೆವೈಸಿಗಾಗಿ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಲಾಗದವರು ಹಾಕಿದ ಅರ್ಜಿ ಅದು. ಬೇರೆ ದಾರಿಗಳನ್ನೂ ಇಡಬೇಕು, ಕಾಗದದ ಕೆವೈಸಿ ಮುಂದುವರಿಯಬೇಕು ಅಂತ ಕೋರ್ಟು ಹೇಳಿದೆ. ಅದಕ್ಕೂ ಮೊದಲು, 2017ರ ನವೆಂಬರ್ 9ರಂದೇ, 70 ದಾಟಿದವರ ಮನೆಬಾಗಿಲಿಗೆ ಹಣ ತಲುಪಿಸುವುದು, ಹಣ ಪಡೆಯುವುದು, ಜೀವನ ಪ್ರಮಾಣ ಪತ್ರ ತೆಗೆದುಕೊಳ್ಳುವುದು ಇವನ್ನೆಲ್ಲ ಮಾಡಬೇಕು ಅಂತ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿದೆ. ಆ ಸುತ್ತೋಲೆಯನ್ನು ಗೋಡೆಗೆ ಹಚ್ಚಿದ ಶಾಖೆ ನಮಗಂತೂ ಕಾಣಲಿಲ್ಲ.

ಮೋಸಹೋದರೆ 1930. ಹಿರಿಯರ ಬೇರೆ ಯಾವ ಸಂಕಟಕ್ಕಾದರೂ ಬೆಂಗಳೂರು ಪೊಲೀಸರು ಮತ್ತು ನೈಟಿಂಗೇಲ್ಸ್ ಟ್ರಸ್ಟಿನವರು 2002ರಲ್ಲಿ ಶುರುಮಾಡಿದ ಸಹಾಯವಾಣಿ 1090, ದೇಶಕ್ಕೆಲ್ಲ ಒಂದೇ ಆದ ಎಲ್ಡರ್‌ಲೈನ್ 14567. ಇವನ್ನು ದಪ್ಪ ಅಕ್ಷರದಲ್ಲಿ ಬರೆದು ಫೋನಿನ ಕವರಿನ ಹಿಂದೆ ಸಿಕ್ಕಿಸಿ, ಅಲ್ಲಿರುವ ಪಿನ್ ಚೀಟಿಯನ್ನು ಇವತ್ತೇ ತೆಗೆದುಹಾಕಿ. ಮನೆಬಾಗಿಲ ಸೇವೆ ಬೇಕಾದವರು ಬ್ಯಾಂಕಿಗೆ ಹೋದಾಗ ಬಾಯಲ್ಲಿ ಕೇಳಬೇಡಿ. ಬಿಳಿ ಹಾಳೆಯಲ್ಲಿ ಅರ್ಜಿ ಬರೆದು, ಎರಡು ಪ್ರತಿ ಒಯ್ದು, ಒಂದರ ಮೇಲೆ ತಾರೀಖಿನ ಸೀಲು ಹಾಕಿಸಿಕೊಂಡು ಬನ್ನಿ.